ಅಂಟಿಸಿದ ಚಪ್ಪಾಳೆ

"ನೋಡ್ರೇ, ಈ ಚಪ್ಪಾಳೆ ಶುದ್ಧ ಸುಳ್ಳು," ಎಂದು ಅಪ್ಪ ಟೀವಿಯಲ್ಲಿ ಬರುತ್ತಿದ್ದ ಸಿನಿಮಾ ಪ್ರಶಸ್ತಿ ಸಮಾರಂಭದತ್ತ ರಿಮೋಟ್ ಚಾಚಿದರು. "ಮೂರನೇ ಸಾಲಿನ ಕೆಂಪು ಕನ್ನಡಕದವಳು. ಆಗ ಹಾಡುಗಾರನಿಗೆ ತಟ್ಟಿದಾಗಲೂ ಪಕ್ಕದ ಕುರ್ಚಿ ಖಾಲಿ, ಈಗಲೂ ಖಾಲಿ. ಅದೇ ಶಾಟ್ ತಂದು ಅಂಟಿಸಿದ್ದಾರೆ."

"ನಿಮಗೆ ಎಲ್ಲದರಲ್ಲೂ ಹುಳುಕೇ," ಅಮ್ಮ ಒಗೆದ ಬಟ್ಟೆ ಮಡಚುತ್ತಾ ಅಂದರು. "ಬಾಯ್ಮುಚ್ಕೊಂಡು ನೋಡೋಕಾಗಲ್ವಾ?"

ಆಗುತ್ತಿರಲಿಲ್ಲ. ಮೂವತ್ತು ವರ್ಷ ಸಿನಿಮಾ ಎಡಿಟರ್ ಆಗಿದ್ದವರು. ಯಾರದೋ ನಗುವನ್ನು ಇನ್ಯಾರದೋ ಮಾತಿಗೆ ಜೋಡಿಸಿ ಹೊಟ್ಟೆ ಹೊರೆದ ಮನುಷ್ಯನಿಗೆ ಯಾರ ನಗುವಿನ ಮೇಲೆ ತಾನೇ ನಂಬಿಕೆ ಉಳಿದೀತು? ಹಾಲಿನವನು ನಕ್ಕು ಮಾತಾಡಿಸಿದರೂ ಅವನಿಗೇನೋ ಬೇಕಾಗಿದೆ ಎಂದೇ ಗುಮಾನಿ. ಇವತ್ತಂತೂ ಕೇಳಲೇಬೇಡಿ. ಅತ್ಯುತ್ತಮ ನಟನನ್ನು ಕರೆದಾಗ "ಪ್ರಾಯೋಜಕರ ಜಾಹೀರಾತಿನಲ್ಲಿ ಇದ್ದಾನಲ್ಲ, ಮತ್ತೆ?" ಅಂದರು. ನಟಿ ಅತ್ತಾಗ "ಗ್ಲಿಸರಿನ್" ಅಂದರು. ಸಮಾರಂಭ ನಡೆದದ್ದು ಕಳೆದ ಭಾನುವಾರ, ತೋರಿಸುತ್ತಿರುವುದು ಈ ಭಾನುವಾರ. ನಡುವಿನ ಏಳು ದಿನದಲ್ಲಿ ಏನೇನು ಕತ್ತರಿಸಿದ್ದಾರೋ!

ಮಗಳು ಸೋಫಾದ ತುದಿಯಲ್ಲಿ ಕುಳಿತಿದ್ದಳು. ಅವಳೂ ಎಡಿಟರೇ, ಅಪ್ಪನ ಕೈಯಲ್ಲೇ ಪಳಗಿದವಳು. ಕಳೆದ ಭಾನುವಾರ ಅವಳೂ ಅಲ್ಲಿದ್ದಳು. ಪ್ರಸಾರವಾಗುವ ತನಕ ಫಲಿತಾಂಶವನ್ನು ಯಾರಿಗೂ ಹೇಳಕೂಡದೆಂದು ಚಾನೆಲ್‌ನವರು ಬರೆಸಿಕೊಂಡಿದ್ದರು. ಅದು ನೆಪ. ಆ ಗಳಿಗೆಯಲ್ಲಿ ಅಪ್ಪನ ಮುಖ ನೋಡಬೇಕೆಂಬ ಆಸೆಗೇ ಅವಳು ವಾರವಿಡೀ ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡು ಓಡಾಡಿದ್ದಳು. ಹನ್ನೊಂದು ವರ್ಷದಲ್ಲಿ ಅವಳ ಕೆಲಸದ ಬಗ್ಗೆ 'ಪರವಾಗಿಲ್ಲ' ಎನ್ನುವುದನ್ನು ದಾಟಿ ಒಂದು ಮಾತು ಅವರ ಬಾಯಿಂದ ಬಂದಿರಲಿಲ್ಲ.

"ಅತ್ಯುತ್ತಮ ಸಂಕಲನ..." ಎಂದಳು ನಿರೂಪಕಿ. ಮಗಳ ಹೆಸರು ಬಂತು, ಮುಖ ಬಂತು, ಸಭೆ ಎದ್ದು ಚಪ್ಪಾಳೆ ತಟ್ಟಿತು.

"ಅಯ್ಯೋ, ನೀನೇ ಕಣೇ!" ಅಮ್ಮನ ಕೈಯಿಂದ ಬಟ್ಟೆಯೆಲ್ಲ ಜಾರಿಬಿತ್ತು. "ಕಳ್ಳಿ! ಒಂದು ವಾರದಿಂದ ಬಾಯೇ ಬಿಡ್ಲಿಲ್ವಲ್ಲೇ!" ಮಗಳನ್ನು ತಬ್ಬಿಕೊಂಡು ಅತ್ತೇಬಿಟ್ಟರು.

ಅಪ್ಪ ಟೀವಿಯಿಂದ ಕಣ್ಣು ತೆಗೆಯಲಿಲ್ಲ. "ಪ್ರಶಸ್ತಿಗೆ ಯಾರ ಕೈಲಿ ಹೇಳಿಸಿದ್ದೆ?" ಎಂದು ಕೇಳಿದರು.

"ನಿಮ್ಮ ನಾಲಿಗೆಗಿಷ್ಟು ಬೆಂಕಿ ಹಾಕ!" ಅಮ್ಮ ಚೀರಿದರು.

ಮಾತು ಅಭ್ಯಾಸಬಲದಿಂದ ಬಂದದ್ದೇ ಇರಬಹುದು. ಆದರೂ ಮಗಳಿಗೆ ನೋವಾಯಿತು.

"ಯಾರ ಕೈಲೂ ಇಲ್ಲ," ಅಂದಳು. "ಚಪ್ಪಾಳೆ ಮಾತ್ರ ನೀವು ಹೇಳಿದ ಹಾಗೇ ಅಪ್ಪ. ನಮ್ಮ ಸರದಿ ಬರೋ ಹೊತ್ತಿಗೆ ಅರ್ಧಕ್ಕರ್ಧ ಜನ ಊಟಕ್ಕೆ ಎದ್ದು ಹೋಗಿದ್ರು. ಈ ಎದ್ದು ನಿಂತವರೆಲ್ಲ ಇನ್ಯಾರಿಗೋ ಎದ್ದು ನಿಂತವರು."

ತಮ್ಮ ಅನುಮಾನ ನಿಜವಾದರೂ ಅಪ್ಪನಿಗೆ ಖುಷಿಯಾಗಲಿಲ್ಲ. ಪರದೆಯಲ್ಲಿ ಮಗಳು ಮೈಕಿನ ಮುಂದೆ ನಿಂತು ಎಲ್ಲರಿಗೂ ವಂದಿಸಿದಳು, ಮರುಕ್ಷಣವೇ ಮೆಟ್ಟಿಲಿಳಿಯುತ್ತಿದ್ದಳು. ಅವರು ಥಟ್ಟನೆ ರಿಮೋಟ್ ಒತ್ತಿ, ಸೆಟ್‌ಟಾಪ್ ಬಾಕ್ಸಿನಲ್ಲಿ ರೆಕಾರ್ಡ್ ಆಗುತ್ತಿದ್ದ ದೃಶ್ಯವನ್ನು ಹಿಂದಕ್ಕೆ ಓಡಿಸಿದರು. ಇನ್ನೊಮ್ಮೆ ನೋಡಿದರು.

"ಇಲ್ಲಿ ಕತ್ತರಿ ಬಿದ್ದಿದೆ. ಪ್ರಶಸ್ತಿ ಎಡಗೈಲಿತ್ತು, ಬಲಗೈಗೆ ಬಂತು. ಅರ್ಧ ನಿಮಿಷ ಹೋಗಿದೆ."

"ಹೂಂ, ಹೋಗಿದೆ."

ಹೋದದ್ದೇನೆಂದು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಇಂಥ ಸಮಾರಂಭಗಳನ್ನು ಅವರೂ ಎಷ್ಟೋ ಕತ್ತರಿಸಿದ್ದರು. ಹೊತ್ತು ಸಾಲದಿದ್ದರೆ ಮೊದಲು ತೆಗೆಯುವುದು ತಂತ್ರಜ್ಞರ ಮಾತು. ಅದರಲ್ಲೂ ಹೆತ್ತವರನ್ನು, ಕೆಲಸ ಕಲಿಸಿದವರನ್ನು ನೆನೆಯುವ ಭಾಗ. 'ಅದನ್ನ ಯಾರು ಕೇಳ್ತಾರೆ, ಎತ್ತಿ ಬಿಸಾಕು' ಎಂದು ಸಹಾಯಕರಿಗೆಲ್ಲ ಅವರೇ ಹೇಳಿಕೊಟ್ಟಿದ್ದರು. ಮಗಳಿಗೂ.

ಅವರು ಮತ್ತೆ ಹಿಂದಕ್ಕೆ ಓಡಿಸಿ, ಅವಳು ಮಾತು ಶುರುಮಾಡುವ ಜಾಗಕ್ಕೆ ಸರಿಯಾಗಿ ನಿಲ್ಲಿಸಿದರು.

"ಏನು ಹೇಳಿದೆ ಅಲ್ಲಿ?"

ಮಗಳು ನೆಲದ ಮೇಲಿನ ಬಟ್ಟೆಗಳನ್ನು ಒಂದೊಂದಾಗಿ ಆರಿಸಿಕೊಳ್ಳುತ್ತಿದ್ದಳು.

"ಹೇಳಿದ್ರೆ ನಂಬ್ತೀರಾ ಅಪ್ಪ?"

ಅಪ್ಪನ ಹೆಬ್ಬೆರಳು ರಿಮೋಟಿನ ಮೇಲೇ ಉಳಿಯಿತು. ಅವಳು ಬಟ್ಟೆಯ ರಾಶಿಯನ್ನು ಎದೆಗವಚಿಕೊಂಡು ಒಳಕೋಣೆಗೆ ಹೋದಳು. ಅಮ್ಮನೂ ಕಣ್ಣೊರೆಸುತ್ತಾ ಹಿಂದೆಯೇ ಹೋದರು. ಪರದೆಯಲ್ಲಿ ಮಗಳು ಬಾಯಿ ಅರ್ಧ ತೆರೆದು ನಿಂತೇ ಇದ್ದಳು. ಅಪ್ಪ ಕುರ್ಚಿಯನ್ನು ಟೀವಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡು ಕುಳಿತರು.