ಸಂಗ್ರಹ ಚಿತ್ರ

ಪತ್ರಿಕಾ ಕಚೇರಿಯಲ್ಲಿ ಅವನನ್ನು ಎಲ್ಲರೂ ನಲ್ಲಿರಾಯ ಎಂದೇ ಕರೆಯುತ್ತಿದ್ದರು. ನೀರಿನ ಸುದ್ದಿ ಬರೆದೂ ಬರೆದೂ ಅವನ ತಲೆ ನೆರೆಯಿತೇ ಹೊರತು ಊರಿನ ನಲ್ಲಿಗಳೇನೂ ಒದ್ದೆಯಾಗಲಿಲ್ಲ. ಈ ವರ್ಷವಂತೂ ಸೋಜಿಗ. ಮಳೆ ಧಾರಾಳವಾಗಿ ಸುರಿದು ಜಲಾಶಯ ತುಂಬಿತ್ತು, ಆದರೂ ಅವನದೇ ಬೀದಿಗೆ ಟ್ಯಾಂಕರೇ ಗತಿ. ಬೀದಿಯಡಿಯ ಹಳೇ ಕೊಳವೆ ತೂತು ಬಿದ್ದು, ಬಿಟ್ಟ ನೀರಿನಲ್ಲಿ ಮುಕ್ಕಾಲು ಪಾಲು ಮಣ್ಣಿಗೆ ಇಂಗುತ್ತಿತ್ತು. ಅಷ್ಟನ್ನು ಖಚಿತಪಡಿಸಿಕೊಳ್ಳಲು ಅವನು ನೀರಿನ ಇಲಾಖೆಯ ಮೆಟ್ಟಿಲು ಸವೆಸಿದ್ದ.

ಈ ಹಠಕ್ಕೆಲ್ಲ ಕಾರಣ ಅಕ್ಕ. ಮನೆಯಲ್ಲಿದ್ದವರು ಅವರಿಬ್ಬರೇ. ಟ್ಯಾಂಕರ್ ಬರುವುದು ಅವನು ಕಚೇರಿಯಲ್ಲಿರುವಾಗ, ಮನೆ ಇರುವುದು ಮೂರನೇ ಮಹಡಿಯಲ್ಲಿ. ಹೀಗೇ ಕೊಡ ಹೊತ್ತರೆ ಅವಳ ಮಂಡಿ ಕೈಕೊಡುತ್ತದೆ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಮರುದಿನ ಇಲಾಖೆಯ ಇಂಜಿನಿಯರ್ ಬೀದಿಯವರ ಸಭೆಗೆ ಬರುವವನಿದ್ದ. ಹೊಸ ಕೊಳವೆ ಈ ವರ್ಷ ಒಂದೇ ಬೀದಿಗೆ. ಜನ ಒಕ್ಕೊರಲಿನಿಂದ ಕೇಳಿದರೆ ತಮಗೆ, ಇಲ್ಲದಿದ್ದರೆ ಮುಂದಿನ ಬೀದಿಗೆ. ಬೆಳಿಗ್ಗೆ ತನ್ನ ವರದಿ ಓದಿದವರು ಸುಮ್ಮನೆ ಕೂರಲಾರರು ಎಂದು ಅವನು ನಂಬಿದ್ದ. ಪಾಪ, ಅಷ್ಟು ವರ್ಷ ಪತ್ರಿಕೆಯಲ್ಲಿದ್ದೂ ನಂಬಿದ್ದ.

ಸುದ್ದಿ ಸಂಪಾದಕರು ವರದಿ ಓದಿ ತಲೆದೂಗಿದರು. "ಚೆನ್ನಾಗಿದೆ. ಮುಖಪುಟಕ್ಕೇ ಹಾಕೋಣ. ಫೋಟೋ?"

ಅವನು ಫೋಟೋಗ್ರಾಫರ್ ತೆಗೆದುಕೊಟ್ಟದ್ದನ್ನು ತೋರಿಸಿದ.

"ಇದ್ರಲ್ಲಿ ರಸ್ತೆ ಬಿಟ್ರೆ ಏನಿದೆ?"

"ಕೊಳವೆ ಅದರ ಕೆಳಗಿದೆ ಸಾರ್."

"ಓದೋರು ಕೆಳಗಿಳಿದು ನೋಡ್ತಾರೇನಯ್ಯ?" ಎನ್ನುತ್ತ ಸಂಪಾದಕರು ಹಳೆಯ ಚಿತ್ರಗಳ ಸಂಗ್ರಹ ತೆರೆದು, ನೀರು ಎಂದು ಟೈಪ್ ಮಾಡಿದರು. ಪ್ರತಿ ಸಲದಂತೆ ಅವೇ ಎರಡು ಮೇಲೆ ಬಂದವು.

ಒಂದರಲ್ಲಿ ಬೀದಿ ನಲ್ಲಿಯ ಮುಂದೆ ಇಬ್ಬರು ಹೆಂಗಸರು ಒಂದೇ ಕೊಡವನ್ನು ಎಳೆದಾಡುತ್ತಿದ್ದರು. ಬಾಯಿ ತೆರೆದು ಕೂಗುತ್ತಿದ್ದವಳು ಅಕ್ಕ. ಜೊತೆಗಿದ್ದ ಪಕ್ಕದ ಮನೆಯವಳು ಮಾರನೇ ದಿನವೇ ರಾಜಿಯಾಗಿದ್ದಳು, ಆದರೆ ಫೋಟೋದಲ್ಲಿ ಇಂದಿಗೂ ಜಗಳ ನಡೆದೇ ಇತ್ತು. ಅಂಗಡಿಯವನು ಅಕ್ಕನನ್ನು ಕಂಡರೆ "ದಾರಿ ಬಿಡ್ರಪ್ಪ, ಪೇಪರಮ್ಮ ಬಂದ್ರು" ಎನ್ನುತ್ತಿದ್ದ. ಅದು ಇನ್ನೊಮ್ಮೆ ಅಚ್ಚಾದರೆ ನಿನಗೆ ಈ ಮನೆಯಲ್ಲಿ ಊಟವಿಲ್ಲ ಎಂದು ಅಕ್ಕ ಆಣೆ ಹಾಕಿದ್ದಳು.

ಇನ್ನೊಂದು ಬಿರುಕು ಬಿಟ್ಟ ಕೆರೆಯಂಗಳದ ಚಿತ್ರ. ಯಾವ ಕಾಲದ್ದೋ, ಎಲ್ಲಿಯದೋ.

"ಹೆಂಗಸರದ್ದು ಹಾಕೋಣ. ಜೀವ ಇದೆ."

"ಅದೊಂದು ಬೇಡ ಸಾರ್."

"ಹಾಗಾದ್ರೆ ಕೆರೆ. ಅದೂ ಬೇಡ ಅಂದ್ರೆ ಒಳಪುಟ, ಟಯರ್ ಜಾಹೀರಾತಿನ ಪಕ್ಕ."

ತುಂಬಿದ ಜಲಾಶಯದ ಸುದ್ದಿಗೆ ಒಣಕೆರೆಯ ಚಿತ್ರ ಸಲ್ಲದು ಎಂದು ಅವನಿಗೆ ಗೊತ್ತಿತ್ತು. ಆದರೆ ವಾದ ಮಾಡಲು ಮೈಯಲ್ಲಿ ಕಸುವಿರಲಿಲ್ಲ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. "ಕೆಳಗೆ ಸಂಗ್ರಹ ಚಿತ್ರ ಅಂತ ಹಾಕಿ" ಎಂದಷ್ಟೇ ಹೇಳಿ ಮನೆಗೆ ಹೋದ.

ಹಾಕಿದ್ದರು, ಇರುವೆ ಗಾತ್ರದ ಅಕ್ಷರದಲ್ಲಿ. ಮೇಲೆ ಚಿತ್ರಕ್ಕೆ ಒಪ್ಪುವಂತೆ ತಲೆಬರಹವನ್ನೂ ಬದಲಿಸಿದ್ದರು: 'ಬಾಯಾರಿದ ನಗರ'.

ಬೆಳಿಗ್ಗೆ ಅಂಗಡಿಯವನು ಕರೆದು ಹೇಳಿದ, "ಓದಿದೆ ಸಾರ್. ಕೆರೆ ನೋಡಿ ಹೊಟ್ಟೆ ಉರೀತು. ಮಳೇನೇ ಇಲ್ಲಾಂದ್ರೆ ಯಾರನ್ನ ಬೈಯೋದು ಹೇಳಿ." ಹೋದ ತಿಂಗಳು ಇದೇ ಅಂಗಡಿಗೆ ಮಳೆ ನೀರು ನುಗ್ಗಿ ಸಕ್ಕರೆ ಮೂಟೆ ಕರಗಿತ್ತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ.

ಸಭೆ ಸೇರಿದ್ದು ಶಾಲೆಯ ಕೋಣೆಯಲ್ಲಿ. ದೊಡ್ಡವರೆಲ್ಲ ಮಕ್ಕಳ ಬೆಂಚುಗಳಲ್ಲಿ ಮಂಡಿ ಮಡಚಲಾರದೆ ಕೂತಿದ್ದರು. ಇಂಜಿನಿಯರ್ ಮೃದು ಮಾತಿನವನು. ಪತ್ರಿಕೆ ಬಿಡಿಸಿ ಎಲ್ಲರಿಗೂ ಕಾಣುವಂತೆ ಹಿಡಿದ.

"ಪೇಪರ್‌ನೋರೇ ತೋರಿಸಿದ್ದಾರೆ ನೋಡಿ. ನೀರೇ ಇಲ್ದಿರೋವಾಗ ಹೊಸ ಕೊಳವೆ ಹಾಕಿ ಏನ್ಮಾಡೋದು? ಟ್ಯಾಂಕರ್ ಇನ್ನೊಂದು ಟ್ರಿಪ್ ಬೇಕಾದ್ರೆ ಕಳಿಸೋಣ."

ನಲ್ಲಿರಾಯ ಎದ್ದು ನಿಂತ. "ಜಲಾಶಯ ತುಂಬಿದೆ. ಚಿತ್ರದ ಕೆಳಗೆ ಬರೆದಿದೀನಿ, ಓದಿ."

"ಬರೆದೋರೂ ನೀವೇ, ಚಿತ್ರ ಹಾಕಿದೋರೂ ನೀವೇ. ಯಾವುದನ್ನ ನಂಬೋದು ಸಾರ್?" ಇಂಜಿನಿಯರ್ ಕೆರೆಯ ಮೇಲೆ ಬೆರಳಿಟ್ಟ. "ಹೋಗಲಿ, ಈ ಕೆರೆ ಎಲ್ಲಿದೆ, ಅದನ್ನಾದ್ರೂ ಹೇಳಿ."

ಅವನಿಗೆ ಗೊತ್ತಿರಲಿಲ್ಲ. ಕುಣಿಯಲಾರದವಳಿಗೆ ನೆಲ ಡೊಂಕು ಎಂದು ಇಲಾಖೆಯನ್ನು ಎಷ್ಟು ಸಲ ಚುಚ್ಚಿ ಬರೆದಿದ್ದ! ಈಗ ಡೊಂಕು ನೆಲವನ್ನು ತಾನೇ ಅಚ್ಚು ಹಾಕಿಸಿ ಅವರ ಕೈಗೆ ಕೊಟ್ಟಿದ್ದ. ಟ್ಯಾಂಕರ್ ಬೇಕಾದವರು ಕೈ ಎತ್ತಿ ಎಂದ ಇಂಜಿನಿಯರ್. ಕೈಗಳು ಒಂದೊಂದಾಗಿ ಮೇಲೆದ್ದವು. ಅಕ್ಕ ಮಾತ್ರ ಕೈ ಎತ್ತದೆ ಅವನ ಮುಖವನ್ನೇ ನೋಡುತ್ತಿದ್ದಳು.

ಹೊರಗೆ ಬರುವಷ್ಟರಲ್ಲಿ ಟ್ಯಾಂಕರ್ ನಿಂತಿತ್ತು. ಇಬ್ಬರೂ ಒಂದೊಂದು ಕೊಡ ತುಂಬಿಸಿಕೊಂಡು ಮೆಟ್ಟಿಲು ಹತ್ತಿದರು. ಎರಡನೇ ಮಹಡಿಯ ತಿರುವಿನಲ್ಲಿ ಅಕ್ಕ ಕೊಡ ಇಳಿಸಿ, ಮಂಡಿ ಒತ್ತಿಕೊಳ್ಳುತ್ತ ಕೂತಳು.

"ನನ್ನ ಫೋಟೋ ಇರ್ಲಿಲ್ವೇನೋ?"

"ಇತ್ತು. ನೀನೇ ಬೇಡ ಅಂದಿದ್ಯಲ್ಲ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

"ಅದ್ರಲ್ಲಿ ನಲ್ಲೀಲಿ ನೀರು ಬರ್ತಿತ್ತು ಕಣೋ," ಎಂದಳು. "ಸಣ್ಣಗೆ, ದಾರದ ಹಾಗೆ. ಅದಕ್ಕೇ ತಾನೆ ಜಗಳ ಆಡಿದ್ದು. ಅದನ್ನೇ ಹಾಕ್ಬೇಕಿತ್ತು ನೀನು."

ಅವನು ಅವಳ ಕೊಡಕ್ಕೂ ಕೈ ಹಾಕಿದ. ಅಕ್ಕ ಕೈ ಸರಿಸಿ, ಗೋಡೆ ಹಿಡಿದು ಎದ್ದು, ಕೊಡವನ್ನು ಸೊಂಟಕ್ಕೇರಿಸಿಕೊಂಡು ಹತ್ತತೊಡಗಿದಳು.