ಚೆನ್ನಿ ಉಳಿದ ಬಾವಿ

“ಕಂಕುಳಾಗ ಎತ್ಕೊಂಡು ಊರೆಲ್ಲ ಅಡ್ಡಾಡ್ಸಿದಾಂವ, ಈಗ ಆಕಿ ಒಬ್ಬಾಕಿ ಕೂಡ ಮಾತಾಡು ಅಂದ್ರ ಏನು ಮಾತಾಡ್ತಾನವಾ ಪಾಪ!”

ಪಕ್ಕದ ಮನೆಯ ಶಾಹಜಾದಬಿ ಅಂದದ್ದಕ್ಕೆ ಅಂಗಳದ ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಒಳಕೋಣೆಯಲ್ಲಿ ಶೈಲಜಾ ತಲೆ ಎತ್ತದೆ ಸೀರೆಯ ನೆರಿಗೆ ನೋಡುತ್ತ ಕೂತಳು. ಎದುರಿಗೆ ಸ್ಟೂಲಿನ ಮೇಲೆ ಸಿದ್ದೇಶ. ಅವಳ ಅವ್ವನ ಕಡೇ ತಮ್ಮ, ಅವಳ ಸೋದರಮಾವ. ಹಿರಿಯರು ಇವತ್ತು ಉಡಿ ತುಂಬಿ ಮಾತು ಗಟ್ಟಿ ಮಾಡಿದರೆ ನಾಳೆ ತಾಳಿ ಕಟ್ಟಿ ಅವಳ ಗಂಡನಾಗುವವನು.

ಬಾಗಿಲಿನಾಚೆ, ಚೌಕಟ್ಟಿಗೆ ಬೆನ್ನು ಕೊಟ್ಟು, ದಾರಿಗೆ ಅಡ್ಡ ಕಾಲು ಚಾಚಿ ಆಯಿ, ಅವ್ವನ ಅವ್ವ, ಕೂತಿದ್ದಳು. ಅನ್ನಮ್ಮಾಯಿಯ ಮೊಣಕಾಲು ಮಡಚಿದರೆ ಜೀವ ಹೋದಂತಾಗುತ್ತಿತ್ತು. ಹಿರಿಯರ ಕಾಲು ದಾಟುವುದು ಶೈಲಜಾ ಆಡಿ ಬೆಳೆದ ಆ ಅಜ್ಜಿಮನೆಯಲ್ಲಿ ಯಾರೂ ಮಾಡದ ಕೆಲಸ. ಹಾಗಾಗಿ ಆಯಿ ಒಮ್ಮೆ ಕೂತಳೆಂದರೆ ಒಳಗಿದ್ದವರು ಒಳಗೆ, ಹೊರಗಿದ್ದವರು ಹೊರಗೆ. ಅವಳಾಗಿ ಗೋಡೆ ಹಿಡಿದು ಏಳುವ ತನಕ ಕಾಯಬೇಕು. ಅವಳ ಮಗ್ಗುಲಿಗೆ ಉಡಿಯ ತಾಟು ಇತ್ತು: ಅಕ್ಕಿ, ಕೊಬ್ಬರಿ ಬಟ್ಟಲು, ಹಸಿರು ಕುಪ್ಪಸದ ಖಣ.

“ರಾಹುಕಾಲ ಬರೋದ್ರಾಗ ಮುಗಸ್ರೆಪಾ,” ಎಂದು ಪಡಸಾಲೆಯಿಂದ ಶೈಲಜಾಳ ಅಪ್ಪ ದೊಡ್ಡಬಸಪ್ಪ ಕೂಗಿದ.

ಸಿದ್ದೇಶನಿಗೆ ಕೈಗೆ ಏನಾದರೂ ಬೇಕಾಗಿತ್ತು. ಯಲಬುರ್ಗಾದ ಬಸ್‌ಸ್ಟ್ಯಾಂಡಿನೆದುರು ಮೊಬೈಲ್ ರಿಪೇರಿ ಮಾಡುವವನು. ಬಿಚ್ಚಲು ಒಂದು ಸಾಮಾನು ಸಿಗದಿದ್ದರೆ ಅವನ ಬೆರಳುಗಳಿಗೆ ದಿಕ್ಕೇ ತೋಚುತ್ತಿರಲಿಲ್ಲ. ಮೂಲೆಯಲ್ಲಿ ಹಳೇ ಟವಲು ಹೊದ್ದು ಕೂತಿದ್ದ ತನ್ನ ಕಂಪ್ಯೂಟರಿನ ಗುಂಡಿ ಒತ್ತಿದ.

“ಮೂರನೇದ್ದು ಹಾಕ್ಲೇನು ಶೈಲೂ?”

“ಅದ್ಯಾಕ ಮಾಮಾ? ಇದ್ದುದ್ರಾಗ ಸುಮಾರದ್ದು ಅದು.”

“ನೀನ ಅನ್ನಬೇಕದನ್ನ! ಸಾಲಿ ಬಿಟ್ಟು ಬಂದ್ರ ಚೀಲಾನೂ ಇಳಸದ ಅದರ ಮುಂದ ಕೂಡ್ತಿದ್ದಿ.”

ಪಾಳು ಕೋಟೆ, ಗವಿ, ಬಾವಿಗಳಿಗೆ ಇಳಿದು ನಿಧಿ ಹುಡುಕುವ ಹುಡುಗಿಯ ಆಟವದು. ಅವಳಿಗೇನೋ ಪರದೇಶದ ಹೆಸರಿತ್ತು. ಇವರಿಬ್ಬರೂ ಆಯಿಯ ಕತೆಯೊಳಗಿನ ಹೆಸರು ತಂದು ಚೆನ್ನಿ ಎಂದು ಕರೆದಿದ್ದರು. ಮೊದಲೆರಡು ಭಾಗದಲ್ಲಿ ಚೆನ್ನಿ ಜಿಗಿ ಅಂದರೆ ಜಿಗಿಯುತ್ತಿದ್ದಳು. ಮೂರನೆಯದು ಮಾತ್ರ ಸಂತೆಗೆ ಹೊತ್ತಾಯಿತೆಂದು ಅವಸರದಲ್ಲಿ ಹೊಲಿದ ಅಂಗಿಯ ಹಾಗೆ. ಗುಂಡಿ ಒತ್ತಿದ ಮೇಲೆ ಚೆನ್ನಿ ಒಂದಿಷ್ಟು ಯೋಚಿಸಿ ಜಿಗಿಯುವಳು. ನೀರು ಪ್ಲಾಸ್ಟಿಕ್ ಹಾಳೆಯಂತೆ ಮಿಣುಕುವುದು. ಇನ್ನೇನು ಹಾವು ಕಚ್ಚುತ್ತದೆ ಅನ್ನುವಾಗ ಕಂಬವೊಂದು ಅಡ್ಡ ಬಂದು ಚೆನ್ನಿಯೇ ಕಾಣದಂತಾಗುವುದು.

ಅದರಲ್ಲಿ ಆಟ ಉಳಿಸಿಡಲು ಇದ್ದದ್ದು ಒಂದೇ ಜಾಗ; ಹೊಸದನ್ನು ಉಳಿಸಿದರೆ ಹಳೆಯದು ಅಳಿಯುತ್ತಿತ್ತು. ಒಂಬತ್ತನೇ ಇಯತ್ತೆಯಲ್ಲಿದ್ದಾಗ ಶೈಲಜಾ ಬಾವಿಯ ತಳಕ್ಕಿಳಿದಿದ್ದಳು. ಹಿಂದೆ ಕಬ್ಬಿಣದ ಬಾಗಿಲು ಧಡಕ್ಕನೆ ಬಿದ್ದಿತ್ತು. ಅಷ್ಟರಲ್ಲಿ ಊಟಕ್ಕೆ ಕರೆದರೆಂದು ಗಡಿಬಿಡಿಯಲ್ಲಿ ಅಲ್ಲೇ ಸೇವ್ ಮಾಡಿ ಎದ್ದಳು. ಬಾಗಿಲೆತ್ತುವ ಹಿಡಿಕೆ ಆಚೆ ಕಡೆ ಉಳಿದಿತ್ತು. ಅವತ್ತಿನಿಂದ ಯಾವಾಗ ತೆರೆದರೂ ಚೆನ್ನಿ ಕಂದೀಲು ಹಿಡಿದು ಅದೇ ಬಾವಿಯ ತಳದಲ್ಲಿ ನಿಂತಿರುತ್ತಿದ್ದಳು.

ಆ ದಿನ ಶೈಲಜಾ ಉಣ್ಣದೆ ಅತ್ತಿದ್ದಳು. ಆಯಿಯ ಕತೆಗಳಲ್ಲಿ ಹಾಗೆ ಆದದ್ದೇ ಇಲ್ಲ. ಆಯಿ ಸಣ್ಣ ಸೊಸೆಯನ್ನು ಏಳಾಳುದ್ದದ ಬಾವಿಗಿಳಿಸಲಿ, ರಾಜಕುಮಾರಿಯನ್ನು ರಕ್ಕಸನ ಗವಿಯಲ್ಲಿ ಕೂಡಿಹಾಕಲಿ, ಕಣ್ಣು ಎಳೆಯುತ್ತಿದ್ದರೂ ಹೊರಗೆ ತಂದ ಮೇಲೆಯೇ ದಿಂಬಿಗೆ ತಲೆ ಕೊಡುತ್ತಿದ್ದಳು. “ಕತಿ ಒಳಗ ಯಾರನ್ನೂ ಬಿಟ್ಟು ಮಲಗಬಾರದವಾ,” ಅನ್ನುತ್ತಿದ್ದಳು. “ಬೆಳತನಕ ಒದರ್ತಿರ್ತಾರ ಅವರು.”

ಈಗ ಪರದೆಯ ಮೇಲೆ ಅದೇ ಬಾವಿ ಬಂತು. ಅದೇ ಕಂದೀಲು.

“ಅಳಸಿಲ್ಲೇನು ಮಾಮಾ ಇದನ್ನ?”

“ಹೆಂಗ ಅಳಸ್ಲಿ? ನಿಂದಲ್ಲ ಅದು?”

ಅವನು ಒಳ್ಳೆಯವನು. ಅದೇ ಕಷ್ಟವಾಗಿತ್ತು. ಕೆಟ್ಟವನಾಗಿದ್ದರೆ ಬೈದು ಎದ್ದುಹೋಗಬಹುದಿತ್ತು.

“ಮಾಮಾ, ನೀನ ಹೇಳಿಬಿಡು ಹೊರಗ. ಒಲ್ಲೆ ಅನ್ನು.”

ಸಿದ್ದೇಶ ಮೌಸನ್ನು ಅಂಗೈಯಲ್ಲಿ ಬೋರಲು ಮಾಡಿ ನೋಡಿದ. “ನಿನ್ನ ಸೈಕಲ್ ಮ್ಯಾಲ ಕೂಡ್ರಿಸ್ಕೊಂಡು ಸಾಲಿಗೆ ಬಿಟ್ಟಾಂವ ನಾ. ನನಗರ ಏನು ಮಸ್ತ್ ಅನಸ್ತದೇನು? ಅವ್ವಗ ಹೇಳೇನಿ ಶೈಲೂ, ಎರಡು ಸಲ. ‘ಹೊರಗಿನಾಕಿ ಬಂದ್ರ ನನ್ನ ಮೂಲಿಗೆ ಹಾಕ್ತಾಳ, ಮೊಮ್ಮಗಳೇ ಸೊಸಿ ಆದ್ರ ನಾ ನಕ್ಕೋತ ಸಾಯ್ತೀನಿ’ ಅಂದ್ಲು. ಸಾಯೋ ಮಾತು ಬಂದ ಮ್ಯಾಲ ನನ್ನ ಬಾಯಿ ಬಿದ್ದೋತು.”

“ಅಂದ್ರ ತಾಳಿ ಕಟ್ತೀ?”

“ನೀ ಹೂಂ ಅಂದ್ರ ಕಟ್ಟಬೇಕಲ್ಲ. ನೀ ಏನಂತಿ?”

ಹೂಂ ಅಂದರೆ ಆಯಿಯನ್ನು ಅತ್ತಿ ಎಂದು ಕರೆಯಬೇಕು. ಈ ಕೋಣೆಯಲ್ಲಿ, ಈ ಗೋಡೆಗಳ ನಡುವೆ, ಮಾಮಾ ಎಂದು ಕರೆದ ಬಾಯಿಂದ ಏನೂ ಕರೆಯದೆ ಮಲಗಬೇಕು. ಸುಮ್ಮನೆ ಕೈ ಚಾಚಿ ಚೆನ್ನಿಯನ್ನು ನಡೆಸಿದಳು. ಎಡಕ್ಕೆ ಹೋದರೆ ಗೋಡೆ, ಬಲಕ್ಕೆ ಹೋದರೆ ಗೋಡೆ. ಹಿಂದೆ ಬಾಗಿಲು.

“ಇಲ್ಲ ಅದಕ್ಕ ದಾರಿ,” ಎಂದ ಸಿದ್ದೇಶ. “ಹುಡಿಕ್ಯಾಡೀನಿ ನಾನೂ. ಆಟ ಮಾಡಿದವರ ತಪ್ಪು ಅದು. ಹೊಸದಾಗಿ ಸುರು ಮಾಡಬೇಕಷ್ಟ.”

ಮೆಟ್ಟಿಲೂ ಗೋಡೆಯೂ ಕೂಡುವ ಮೂಲೆಯಲ್ಲಿ ಚೆನ್ನಿಯ ಮೊಣಕೈ ಕಲ್ಲಿನೊಳಗೆ ಕಾಣೆಯಾದದ್ದು ಆಗ ಶೈಲಜಾಳ ಕಣ್ಣಿಗೆ ಬಿತ್ತು. ಅವಸರದ ಹೊಲಿಗೆ ಅಲ್ಲಿ ಬಿಟ್ಟಿತ್ತು. ಅವಳು ಚೆನ್ನಿಯನ್ನು ಅದೇ ಮೂಲೆಗೆ ಒತ್ತಿದಳು. ಜಿಗಿಸಿದಳು. ಮತ್ತೆ ಒತ್ತಿ ಮತ್ತೆ ಜಿಗಿಸಿದಳು. ಭುಜ ಹೋಯಿತು. ಕಂದೀಲು ಹೋಯಿತು. ಚಿತ್ರ ಒಮ್ಮೆ ನಡುಗಿ, ಚೆನ್ನಿ ಗೋಡೆಯ ಆಚೆ ಬಂದುಬಿಟ್ಟಳು.

ಆಚೆ ಏನೂ ಇರಲಿಲ್ಲ. ಮುಂಜಾವಿನ ಮಂಜಿನಂಥ ಬೂದು ಬಣ್ಣ, ನೆಲವಿಲ್ಲ, ಆಕಾಶವಿಲ್ಲ. ಚೆನ್ನಿ ನಿಧಾನವಾಗಿ ಕೆಳಗಿಳಿಯುತ್ತಿದ್ದಳು. ಮೇಲೆ, ಇಷ್ಟು ವರ್ಷ ಅವಳು ನಿಂತಿದ್ದ ಬಾವಿ ತೇಲುತ್ತಿತ್ತು. ಹೊರಗಿನಿಂದ ನೋಡಿದರೆ ಅದೊಂದು ತೆಳು ರಟ್ಟಿನ ಡಬ್ಬಿ.

“ಆಟ ಕೆಡ್ತು,” ಎಂದ ಸಿದ್ದೇಶ. “ಅಲ್ಲಿ ಮುಂದ ಏನೂ ಇಲ್ಲ ಶೈಲೂ.”

“ಇಲ್ದಿದ್ರ ಇಲ್ಲ. ಹೊರಗಂತೂ ಬಂದಾಳಲ್ಲ.”

ಅವಳು ಎದ್ದು ಬಾಗಿಲಿಗೆ ಬಂದಳು. ಆಯಿಯ ಕಾಲುಗಳ ಈಚೆ ನಿಂತಳು.

“ಆಯಿ, ನಾ ಒಲ್ಲೆ.”

“ಏನು ಒಲ್ಲಿ? ಚಾ ಒಲ್ಲೇನು? ಇಡಾಕ ಹತ್ಯಾರ, ತಡಿ.” ಆಯಿ ತಲೆ ಎತ್ತಲಿಲ್ಲ. ಕೊಬ್ಬರಿ ಬಟ್ಟಲನ್ನು ಅಕ್ಕಿಯ ಮೇಲೆ ನೆಟ್ಟಗೆ ಕೂರಿಸುತ್ತಿದ್ದಳು.

“ಉಡಿ ಒಲ್ಲೆ. ನೀ ನನಗ ಅತ್ತಿ ಆಗೂದು ಒಲ್ಲೆ. ಆಯಿ ಆಗೇ ಇರು.”

ಅಂಗಳದ ನಗು ನಿಂತಿತು. ಪಡಸಾಲೆಯಲ್ಲಿ ಅಪ್ಪ ಎದ್ದ ಸದ್ದಾಯಿತು. “ಏನಂತಾಳಕಿ? ಅತ್ತೀ, ಏನಂತಾಳ?”

ಆಯಿಯ ಕೈಯಲ್ಲಿ ಬಟ್ಟಲು ಓರೆಯಾಯಿತು, ಸರಿ ಮಾಡಿದಳು, ಮತ್ತೆ ಓರೆಯಾಯಿತು. ಹಾಗೇ ಬಿಟ್ಟಳು. ಮೊಮ್ಮಗಳನ್ನು ನೋಡಲಿಲ್ಲ, ಅವಳ ಸೀರೆಯ ಪಕ್ಕದಿಂದ ಹಾಯ್ದು ಕೋಣೆಯೊಳಗೆ ಬೆಳಗುತ್ತಿದ್ದ ಪರದೆಯ ಕಡೆ ಕಣ್ಣು ಕಿರಿದು ಮಾಡಿದಳು.

“ಆವತ್ತು ಊಟ ಬಿಟ್ಟು ಅತ್ತಿದ್ದಿಯಲ್ಲ,” ಎಂದಳು. “ಆಕಿ ಇನ್ನಾ ಬಾವ್ಯಾಗ ಅದಾಳೇನು?”

“ಇಲ್ಲ ಆಯಿ. ಗ್ವಾಡಿ ಸಂದ್ಯಾಗಿಂದ ಹೊರಗ ಬಂದ್ಲು. ಈಗ.”

“ಅತ್ತೀ, ನಿಮಗ ಕೇಳಾಕ ಹತ್ತೀನಿ!” ಅಪ್ಪನ ದನಿ ಹತ್ತಿರ ಬಂತು.

ಆಯಿ ತಾಟನ್ನು ಗೋಡೆಯ ಕಡೆ ಸರಿಸಿದಳು. ಎರಡೂ ಕೈಯಿಂದ ಬಲ ಮೊಣಕಾಲು ಹಿಡಿದು, ತುಟಿ ಕಚ್ಚಿ, ನೆಲದ ಮೇಲೆ ಎಳೆಯುತ್ತ ಮೆಲ್ಲಗೆ ಮಡಚಿಕೊಂಡಳು. ಬಾಗಿಲಿನ ದಾರಿ ಅರ್ಧ ತೆರವಾಯಿತು. ಆಮೇಲೆ ಎಡಗಾಲಿಗೆ ಕೈ ಹಾಕಿದಳು.