ಕಿವಿಗೆ ಮರಳಿದ ದನಿ

"ಮೈಕ್ ಬದಲಿ ಮಾಡೀನಿ, ಲಕ್ಷ್ಮೀಕಾಂತ. ಈಗ ಹ್ಯಾಂಗ ಬರಾಕತ್ತದ ಹೇಳು. ಓವರ್."

ವಿಜಯೇಂದ್ರ ಮೈಕಿನ ಗುಂಡಿಯಿಂದ ಬೆರಳು ತೆಗೆದ. ಬಾಗಿಲಲ್ಲಿ ನಿಂತಿದ್ದ ಹೆಂಡತಿ ನರ್ಮದಾಳ ಕಡೆ ನೋಡಿ, ಅವಳಿಗೂ ಉತ್ತರ ಕೇಳಿಸಲೆಂದು ಹೆಡ್‌ಫೋನಿನ ತಂತಿ ಕಿತ್ತ. ರೇಡಿಯೋದ ಸ್ಪೀಕರು ಸುಯ್ಯೆನ್ನುತ್ತಿತ್ತು. ಆ ಕಡೆ ತಾಂಡೂರಿನಲ್ಲಿ ಲಕ್ಷ್ಮೀಕಾಂತ ಬಾಯಿ ಬಿಡಲು ತಡಮಾಡಿದ.

ಅವನು ಏನು ಹೇಳಬೇಕೆಂದು ನರ್ಮದಾ ಮಧ್ಯಾಹ್ನವೇ ಫೋನಿನಲ್ಲಿ ಬೇಡಿಕೊಂಡಿದ್ದಳು.

"ನಾ ಹೇಳಿದ್ರ ಕೇಳವಲ್ರು. ಖರೇ ಏನದ ನೀವರ ಹೇಳ್ರಿ. ಅವರ ಮಾತು ನಿಮಗ ತಿಳೀತದೇನ್ರಿ?"

"ಇಲ್ರಿ ವೈನಿ. ಬೇಸಿಗಿಯಿಂದನೂ ಅರ್ಧಾ ತಿಳಿಯಂಗಿಲ್ಲ."

"ಮತ್ತ ದಿನಾ ಫೈವ್ ನೈನ್ ಅಂತೀರಲ್ರಿ."

"ಅದು ರಿವಾಜು ಆಗಿಬಿಟ್ಟದ್ರಿ. ದನಿ ಹ್ಯಾಂಗರ ಇರ್ಲಿ, ನಾವು ಹ್ಯಾಮ್ ರೇಡಿಯೋ ಮಂದಿ ಎಲ್ಲಾರಿಗೂ ಫೈವ್ ನೈನ್ ಅಂತೀವಿ. ಐದಂದ್ರ ಮಾತು ಸಾಫ್, ಒಂಬತ್ತಂದ್ರ ಸಿಗ್ನಲ್ ಜೋರ. ಮುಖದ ಮ್ಯಾಲ ನಿನ್ನ ಮಾತು ಕೇಳಂಗಿಲ್ಲ ಅಂತ ಹ್ಯಾಂಗ ಅನ್ನೂದ್ರಿ?"

"ಇವತ್ತೊಂದು ದಿನ ಅನ್ರಿ. ನಾಳೆ ಗಾಡಿ ಅದ."

ಆ ತಿಂಗಳು ಜಹೀರಾಬಾದಿನಲ್ಲಿ ಅರ್ಧ ಜನರ ಗಂಟಲು ಕೂತಿತ್ತು. ಪ್ರತ್ಯೇಕ ರಾಜ್ಯಕ್ಕಾಗಿ ನಡೆದ ಮುಷ್ಕರದಿಂದ ಕಚೇರಿಗಳು ಮುಚ್ಚಿದ್ದವು, ಬಸ್ಸುಗಳು ಡಿಪೋದಲ್ಲಿ ನಿಂತಿದ್ದವು. ನೌಕರರೆಲ್ಲ ಶಾಮಿಯಾನದಡಿ ಕೂತು ಬೆಳಗಿನಿಂದ ಸಂಜೆಯವರೆಗೆ ಜೈ ತೆಲಂಗಾಣ ಕೂಗುತ್ತಿದ್ದರು. ಮಂಡಲ ಕಚೇರಿಯ ವಿಜಯೇಂದ್ರನೂ ಅವರ ನಡುವೆ ಕೂರುತ್ತಿದ್ದ. ದನಿ ಯಾಕೆ ಹೀಗೆ ಎಂದು ಯಾರಾದರೂ ಕೇಳಿದರೆ ಗಂಟಲು ಮುಟ್ಟಿ ನಕ್ಕು ಶಾಮಿಯಾನದ ಕಡೆ ಕೈ ತೋರಿಸುತ್ತಿದ್ದ. ಅವರೂ ನಗುತ್ತಿದ್ದರು. ಮುಷ್ಕರಕ್ಕಿಂತ ಎಷ್ಟೋ ಮೊದಲೇ ಅವನ ಗಂಟಲು ಕೆಟ್ಟಿತ್ತು ಎಂಬುದು ನರ್ಮದಾಳಿಗೆ ಮಾತ್ರ ಗೊತ್ತಿತ್ತು.

ಬೀದರಿನ ಡಾಕ್ಟರು ಗಂಟಲೊಳಗೆ ಕನ್ನಡಿ ಇಳಿಸಿ ನೋಡಿ, ಕೂಡಲೇ ಹೈದರಾಬಾದಿಗೆ ಹೋಗಿ ಎಂದು ಚೀಟಿ ಬರೆದುಕೊಟ್ಟಿದ್ದರು. ದನಿಪೆಟ್ಟಿಗೆ ತೆಗೆಯಬೇಕಾದೀತು, ಜೀವ ಉಳಿಯುತ್ತದೆ. ತಡ ಮಾಡಿದರೆ ಎರಡೂ ಉಳಿಯುವುದಿಲ್ಲ ಎಂದಿದ್ದರು. ವಿಜಯೇಂದ್ರ ಚೀಟಿಯನ್ನು ಮಡಚಿ ಜೇಬಿಗಿಟ್ಟು, ಮನೆಗೆ ಬಂದವನೇ ರೇಡಿಯೋದ ಮೈಕ್ ಬಿಚ್ಚಿದ್ದ. ಬಸ್ಸು ಶುರುವಾಗಲಿ ಎನ್ನುತ್ತಲೇ ದಿನ ತಳ್ಳಿದ. ನಾಳೆ ರಾಯಿಕೋಡಿನಿಂದ ಬಾಣಂತಿಯೊಬ್ಬಳನ್ನು ಹೈದರಾಬಾದಿಗೆ ಒಯ್ಯುವ ಆಂಬುಲೆನ್ಸಿನಲ್ಲಿ ಇಬ್ಬರಿಗೆ ಜಾಗವಿತ್ತು. ಆಂಬುಲೆನ್ಸನ್ನು ಯಾರೂ ತಡೆಯುತ್ತಿರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಫೋನ್ ಮಾಡ್ತೀನಿ, ಬರೂದು ಬಿಡೂದು ಆಗ ಹೇಳ್ರಿ ಎಂದಿದ್ದ ಡ್ರೈವರ್ ನರಸಿಂಹುಲು.

ಸ್ಪೀಕರು ಕೊನೆಗೂ ಮಾತಾಡಿತು.

"ಫೈವ್ ನೈನ್, ದೋಸ್ತ. ನಮ್ಮ ಖಣಿಯಾಗ ಕಲ್ಲು ಒಡಿಯಾಕ ಮದ್ದು ಬ್ಯಾಡ, ನಿನ್ನ ಆವಾಜ್ ಒಂದೇ ಸಾಕು." ನಗುವುದಕ್ಕೆ ಹೋಗಿ ಅವನು ನಗಲಿಲ್ಲ. "ವೈನಿಗ ನಮಸ್ಕಾರ ಹೇಳು. ಓವರ್."

ವಿಜಯೇಂದ್ರ ಹುಬ್ಬು ಹಾರಿಸಿದ. "ಕೇಳಿದಿ? ಮೈಕಿಂದೇ ಖರಾಬಿ ಇತ್ತು."

"ಅವರು ಎಲ್ಲಾರಿಗೂ ಹಂಗೇ ಅಂತಾರ್ರಿ."

"ಎಲ್ಲಾರ್ದು ಬಿಡು. ನನ್ನ ಕಿವಿಗಿ ನನ್ನ ದನಿ ಕೇಳಂಗಿಲ್ಲೇನು? ಬಾ, ನೀನೇ ಕೂಡು."

ಅವಳನ್ನು ಕುರ್ಚಿಯಲ್ಲಿ ಕೂಡಿಸಿ, ತಂತಿ ಮತ್ತೆ ಸಿಕ್ಕಿಸಿ, ಹೆಡ್‌ಫೋನನ್ನು ತಾನೇ ಅವಳ ಕಿವಿಗೆ ಹಾಕಿ, ಸಿಕ್ಕಿಕೊಂಡ ಕೂದಲನ್ನು ಬಿಡಿಸಿದ. ಮದುವೆಯಾದ ಹೊಸತರಲ್ಲೂ ಹೀಗೇ ಕೂಡಿಸಿದ್ದ. ಮಾನಿಟರ್ ಒತ್ತಿದರೆ, ಹೊರಗೆ ಹೋಗುವ ನನ್ನ ದನಿಯೇ ನನ್ನ ಕಿವಿಗೆ ವಾಪಸ್ ಬರ್ತದ ನೋಡು ಎಂದಿದ್ದ. ಅಂದು ಎರಡೂ ಕಿವಿಯಲ್ಲಿ ಅವನೊಬ್ಬನೇ ತುಂಬಿಕೊಂಡಿದ್ದಕ್ಕೆ ಅವಳಿಗೆ ನಗು ತಡೆಯಲಾಗಿರಲಿಲ್ಲ.

ಅವನು ಮೈಕ್ ಎತ್ತಿಕೊಂಡ. ಅವಳು ಅವನ ಮುಖ ನೋಡಬಾರದೆಂದು ಕಣ್ಣು ಮುಚ್ಚಿದಳು. ಎದುರಿಗಿದ್ದಾಗ ಅವನ ತುಟಿ, ಹುಬ್ಬು, ಕೈ ಇವೇ ಅರ್ಧ ಮಾತು ಆಡಿಬಿಡುತ್ತಿದ್ದವು. ಹೆಡ್‌ಫೋನಿನಲ್ಲಿ ಅವು ಯಾವುವೂ ಇರಲಿಲ್ಲ. ಕಲ್ಲಿನ ಮೇಲೆ ಕಲ್ಲು ಎಳೆದಂಥ ಸದ್ದು. ನಡುವೆ ಗಾಳಿ. ಮತ್ತೆ ಕಲ್ಲು. ಹೆಸರು ಹೇಳುತ್ತಿದ್ದಾನೋ ಊರು ಹೇಳುತ್ತಿದ್ದಾನೋ ಅವಳಿಗೆ ತಿಳಿಯಲಿಲ್ಲ.

ಕಣ್ಣು ತೆರೆದಾಗ ಮಾನಿಟರಿನ ದನಿ ಏರಿಸುವ ತಿರುಗುಣಿ ಕಂಡಿತು. ಅದು ಕೊನೆಯವರೆಗೆ ತಿರುಗಿ ನಿಂತಿತ್ತು. ಇನ್ನು ತಿರುಗಲು ಜಾಗವಿರಲಿಲ್ಲ.

"ಹ್ಯಾಂಗ ಬರಾಕತ್ತದ?"

ಬೆಳಗಿನಿಂದ ಅವಳು ಮಾತು ಜೋಡಿಸಿಟ್ಟುಕೊಂಡಿದ್ದಳು. ಒಲೆಯ ಮುಂದೆ, ಬಟ್ಟೆ ಒಗೆಯುವಾಗ, ಯಾರಿಗೂ ಕೇಳದಂತೆ ಆಡಿಯೂ ನೋಡಿದ್ದಳು. ಅವನು ಮೈಕ್ ಹಿಡಿದುಕೊಂಡೇ ಅವಳ ಬಾಯಿಯನ್ನೇ ನೋಡುತ್ತಿದ್ದ. ಅವನ ಹೆಬ್ಬೆರಳು ಗುಂಡಿಯ ಮೇಲೇ ಇತ್ತು.

"ಫೈವ್ ನೈನ್," ಎಂದಳು ನರ್ಮದಾ.

ಹೆಡ್‌ಫೋನಿನೊಳಗೆ ಅವಳ ದನಿ ಅವಳಿಗೇ ಮರಳಿ ಬಂತು. ಅವನು ಇನ್ನೂ ಗುಂಡಿ ಬಿಟ್ಟಿರಲಿಲ್ಲ. ಎರಡು ಮಾತೂ ಬಿಡಿಬಿಡಿಯಾಗಿ, ಸ್ಪಷ್ಟವಾಗಿ ಕೇಳಿದವು.

"ನಾ ಹೇಳಲಿಲ್ಲೇನು?" ಅವನು ಗುಂಡಿ ಬಿಟ್ಟು ಹೆಡ್‌ಫೋನ್ ತೆಗೆದುಕೊಂಡ. ಮುಖ ಹಗುರಾಗಿತ್ತು. "ನರಸಿಂಹುಲುಗ ಬ್ಯಾಡಂತ ಹೇಳಿಬಿಡು. ಯಾರರ ಜರೂರಿ ಇದ್ದವ್ರು ಹೋಗ್ಲಿ, ಪಾಪ."

ಹೊರಗೆ ಶಾಮಿಯಾನದಿಂದ ಮನೆಗೆ ಮರಳುವವರ ಮಾತು ಕೇಳುತ್ತಿತ್ತು. ಕಿಟಕಿಯ ಕಲ್ಲಿನ ಮೇಲಿಟ್ಟಿದ್ದ ಫೋನಿಗೆ ಬೆಳಕು ಬಂತು, ನರಸಿಂಹುಲುವಿನ ಹೆಸರು ಮೂಡಿತು. ಸದ್ದು ಬಾರದಂತೆ ಇಟ್ಟಿದ್ದವಳು ಅವಳೇ. ಅದು ನಡುಗುತ್ತ, ನುಣುಪು ಕಲ್ಲಿನ ಮೇಲೆ ಸ್ವಲ್ಪ ಸ್ವಲ್ಪವೇ ಅಂಚಿನತ್ತ ಸರಿಯಿತು. ಅವಳು ಕುರ್ಚಿಯಿಂದ ಏಳಲಿಲ್ಲ. ಅವಳಿಗೆ ಬೆನ್ನು ಮಾಡಿ ನಿಂತ ವಿಜಯೇಂದ್ರ ಹೆಡ್‌ಫೋನನ್ನು ಎರಡೂ ಕೈಯಿಂದ ಕಿವಿಗೆ ಒತ್ತಿಕೊಂಡು ಮತ್ತೆ ಮೈಕಿಗೆ ಬಗ್ಗಿದ.